ಸರ್ಕಾರಿ ಕ್ಯಾಂಟೀನ್ ಟೆಂಡರು: ಹಿಡಿಯುವ ಮೊದಲು ಲೆಕ್ಕ, ಹಿಡಿದ ಮೇಲೆ ಕಾಗದ



ಸರ್ಕಾರಿ ಕಚೇರಿ, ಆಸ್ಪತ್ರೆ, ತರಬೇತಿ ಕೇಂದ್ರ, ಸರ್ಕಾರಿ ಕಾರ್ಖಾನೆಗಳ ಕ್ಯಾಂಟೀನ್ ಹಾಗೂ ಊಟ ಪೂರೈಕೆಯ ಕೆಲಸದ ವಿಷಯದಲ್ಲಿ ನಮ್ಮ ಹೋಟೆಲ್ ಬಾಂಧವರಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿನವರು "ಸರ್ಕಾರದ ಸಹವಾಸವೇ ಬೇಡ, ದುಡ್ಡು ಬರುವುದಿಲ್ಲ" ಎಂದು ದೂರ ನಿಲ್ಲುತ್ತಾರೆ. ಇನ್ನೊಂದು ಗುಂಪಿನವರು "ಹೇಗಾದರೂ ಮಾಡಿ ಒಳಗೆ ಹೋಗೋಣ, ಆಮೇಲೆ ನೋಡಿಕೊಳ್ಳೋಣ" ಎಂದು ಅತಿ ಕಡಿಮೆ ದರ ಹಾಕಿ ಕೆಲಸ ಹಿಡಿಯುತ್ತಾರೆ. ಮೊದಲನೆಯವರಿಗೆ ಬರುವ ಕೆಲಸ ತಪ್ಪುತ್ತದೆ. ಎರಡನೆಯವರಿಗೆ ಇದ್ದ ಹೋಟೆಲೂ ತಪ್ಪುವ ಸಂಭವ ಇದೆ. ನನಗೆ ಗೊತ್ತಿರುವ ಒಬ್ಬರು ಒಂದು ಆಸ್ಪತ್ರೆಯ ಕ್ಯಾಂಟೀನನ್ನು ನಷ್ಟದ ದರಕ್ಕೆ ಹಿಡಿದು, ಅದನ್ನು ನಡೆಸಲು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಹೋಟೆಲಿನ ಪಾಲನ್ನು ಮಾರಬೇಕಾಯಿತು. ಅವರ ಅಡುಗೆಯಲ್ಲಿ ದೋಷವಿರಲಿಲ್ಲ. ಟೆಂಡರು ತುಂಬುವ ಮೊದಲು ಲೆಕ್ಕ ಹಾಕಿರಲಿಲ್ಲ, ಅಷ್ಟೆ.

ನಾನು ಹತ್ತನೇ ತರಗತಿ ಓದಿದವನು. ಟೆಂಡರಿನ ಅರವತ್ತು ಎಪ್ಪತ್ತು ಪುಟದ ಇಂಗ್ಲಿಷ್ ಕಾಗದ ನೋಡಿದರೆ ನಮ್ಮಂಥವರಿಗೆ ಹೆದರಿಕೆಯಾಗುವುದು ಸಹಜ. ಆದರೆ ಅದರಲ್ಲಿ ನಮಗೆ ನಿಜವಾಗಿ ಬೇಕಾದದ್ದು ಏಳೆಂಟು ವಿಷಯ ಮಾತ್ರ. ಅವನ್ನು ಒಂದೊಂದಾಗಿ ಇಲ್ಲಿ ಬರೆದಿದ್ದೇನೆ. ಪೆನ್ನು ಕಾಗದ ಹತ್ತಿರ ಇಟ್ಟುಕೊಂಡು ಓದಿದರೆ ಹೆಚ್ಚು ಉಪಯೋಗ.

1. ಕೆಲಸ ಎಲ್ಲಿ ಸಿಗುತ್ತದೆ

ಹಿಂದೆ ಟೆಂಡರು ಎಂದರೆ ಪೇಪರಿನ ಜಾಹೀರಾತು ಮತ್ತು ಕಚೇರಿಯ ಬಾಗಿಲಲ್ಲಿದ್ದ ಡಬ್ಬ. ಈಗ ಹೆಚ್ಚಿನದೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಕೇಂದ್ರ ಸರ್ಕಾರದ ಇಲಾಖೆಗಳು ಖರೀದಿ ಮಾಡುವುದು 2016ರಲ್ಲಿ ಆರಂಭವಾದ ಜೆಮ್, ಅಂದರೆ ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್ ಮೂಲಕ. ಕ್ಯಾಂಟೀನ್ ಮತ್ತು ಕೇಟರಿಂಗ್ ಸೇವೆಗಳೂ ಅದರಲ್ಲಿ ಬರುತ್ತವೆ. ಇದಲ್ಲದೆ ಕೇಂದ್ರದ ಇ-ಪ್ರೊಕ್ಯೂರ್‌ಮೆಂಟ್ ತಾಣ ಇದೆ, ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡು ಮೊದಲಾದ ರಾಜ್ಯಗಳಿಗೆ ಅವುಗಳದೇ ಟೆಂಡರು ತಾಣಗಳಿವೆ. ರೈಲ್ವೆಯ ಊಟದ ಕೆಲಸ 2017ರ ಕೇಟರಿಂಗ್ ನೀತಿಯ ನಂತರ ಬಹುಪಾಲು ಐಆರ್‌ಸಿಟಿಸಿ ಕೈಯಲ್ಲಿದೆ.

ನಿಯಮಗಳೂ ಬೇರೆ ಬೇರೆ. ಕೇಂದ್ರದ ಇಲಾಖೆಗಳಿಗೆ 2017ರ ಜನರಲ್ ಫೈನಾನ್ಶಿಯಲ್ ರೂಲ್ಸ್ ಅನ್ವಯಿಸುತ್ತದೆ. ಟೆಂಡರಿನ ಪಾರದರ್ಶಕತೆಗೆ ತಮಿಳುನಾಡಿನಲ್ಲಿ 1998ರ ಕಾಯಿದೆ ಇದೆ, ಕರ್ನಾಟಕದಲ್ಲಿ 1999ರ ಕಾಯಿದೆ ಇದೆ. ಆದ್ದರಿಂದ ಮುಂಬಯಿಯ ಒಂದು ಕಚೇರಿಯಲ್ಲಿ ಕಂಡ ನಿಯಮ ಚೆನ್ನೈಯ ಕಚೇರಿಯಲ್ಲೂ ಹಾಗೆಯೇ ಇರುತ್ತದೆ ಎಂದು ತಿಳಿಯಬಾರದು. ಪ್ರತಿ ಟೆಂಡರಿನ ಕಾಗದವನ್ನೂ ಹೊಸದಾಗಿ ಓದಬೇಕು.

ಮುಂದೆ ಕ್ಯಾಂಟೀನ್ ಕೆಲಸ ಹೆಚ್ಚುವ ಲಕ್ಷಣವೂ ಇದೆ. 1948ರ ಫ್ಯಾಕ್ಟರಿ ಕಾಯಿದೆಯಲ್ಲಿ 250ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಕ್ಯಾಂಟೀನ್ ಕಡ್ಡಾಯ ಮಾಡಬಹುದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಸಂಖ್ಯೆ 100 ಆಗಿದೆ. ಗುತ್ತಿಗೆ ಕೆಲಸಗಾರರೂ ಈ ಲೆಕ್ಕದಲ್ಲಿ ಸೇರುತ್ತಾರೆ.

2. ಮೊದಲು ಕಾಗದ ಸಿದ್ಧವಾಗಿರಲಿ

ಟೆಂಡರು ಬಂದ ಮೇಲೆ ಕಾಗದಕ್ಕೆ ಓಡಾಡುವುದು ಮದುವೆ ದಿನ ತೆಂಗಿನಕಾಯಿ ಹುಡುಕಿದಂತೆ. ಒಂದು ಫೈಲಿನಲ್ಲಿ ಇವನ್ನು ಸದಾ ಸಿದ್ಧವಾಗಿಡಿ: ಪ್ಯಾನ್, ಜಿಎಸ್‌ಟಿ ನೋಂದಣಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಅಂಗಡಿ ಕಾಯಿದೆಯ ನೋಂದಣಿ, ಪಿಎಫ್ ಮತ್ತು ಇಎಸ್‌ಐ ನಂಬರು, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಚಾರ್ಟರ್ಡ್ ಅಕೌಂಟೆಂಟರಿಂದ ವಹಿವಾಟಿನ ಪ್ರಮಾಣಪತ್ರ, ಹಿಂದೆ ಮಾಡಿದ ಕೆಲಸಗಳ ಅನುಭವ ಪತ್ರ, ಡಿಜಿಟಲ್ ಸಹಿ.

ಅನುಭವ ಪತ್ರದ ಬಗ್ಗೆ ಒಂದು ಮಾತು. ಖಾಸಗಿ ಕಂಪನಿಯ ಕ್ಯಾಂಟೀನ್ ನಡೆಸಿ ಬಿಟ್ಟ ನಮ್ಮವರು ಎಷ್ಟೋ ಜನ ಇದ್ದಾರೆ. ಬಿಡುವಾಗ ಒಂದು ಪತ್ರ ಕೇಳುವುದಿಲ್ಲ. ಎಷ್ಟು ವರ್ಷ, ದಿನಕ್ಕೆ ಎಷ್ಟು ಊಟ, ವರ್ಷದ ಮೊತ್ತ ಎಷ್ಟು, ಕೆಲಸ ತೃಪ್ತಿಕರ ಎಂಬ ನಾಲ್ಕು ಸಾಲು ಇದ್ದರೆ ಸಾಕು. ಆ ನಾಲ್ಕು ಸಾಲು ಇಲ್ಲದ ಕಾರಣಕ್ಕೆ ಇಪ್ಪತ್ತು ವರ್ಷದ ಅನುಭವಸ್ಥರು ಟೆಕ್ನಿಕಲ್ ಕವರಿನಲ್ಲೇ ಹೊರಗೆ ಬೀಳುತ್ತಾರೆ.

ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಜಾಗಕ್ಕೆ ಸಂಬಂಧಪಟ್ಟದ್ದು. ನಿಮ್ಮ ಹೋಟೆಲಿನ ಲೈಸೆನ್ಸ್ ಆ ಕಚೇರಿಯ ಅಡುಗೆಮನೆಗೆ ನಡೆಯುವುದಿಲ್ಲ. ಅಲ್ಲಿಯ ವಿಳಾಸಕ್ಕೆ ಬೇರೆ ಪಡೆಯಬೇಕು. ಕೇಂದ್ರ ಸರ್ಕಾರದ ಆವರಣವಾದರೆ ಕೇಂದ್ರ ಲೈಸೆನ್ಸ್ ಬೇಕೋ ರಾಜ್ಯದ್ದು ಸಾಕೋ ಎಂದು ಮೊದಲೇ ವಿಚಾರಿಸಿ.

3. ಉದ್ಯಮ್ ನೋಂದಣಿಯ ಲಾಭ

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಬಂದಿದೆ. ಇದಕ್ಕೆ ಸರ್ಕಾರಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಕೋಟಿಯವರೆಗೆ ವಹಿವಾಟು ಮತ್ತು 2.5 ಕೋಟಿಯವರೆಗೆ ಯಂತ್ರೋಪಕರಣದ ಬಂಡವಾಳ ಇರುವವರು ಅತಿಸಣ್ಣ ಉದ್ಯಮ. 100 ಕೋಟಿ ವಹಿವಾಟು ಮತ್ತು 25 ಕೋಟಿ ಬಂಡವಾಳದವರೆಗೆ ಸಣ್ಣ ಉದ್ಯಮ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಇವೆರಡರೊಳಗೇ ಬರುತ್ತಾರೆ.

ಇದರಿಂದ ಮೂರು ಲಾಭ. ಮೊದಲನೆಯದು, ಕೇಂದ್ರದ ಟೆಂಡರುಗಳಲ್ಲಿ ಇಎಂಡಿ, ಅಂದರೆ ಟೆಂಡರು ಹಾಕುವಾಗಿನ ಠೇವಣಿ ಕಟ್ಟಬೇಕಾಗಿಲ್ಲ. ಇದು ಸಾಮಾನ್ಯವಾಗಿ ಅಂದಾಜು ಮೊತ್ತದ ಶೇಕಡ 2ರಿಂದ 5 ಇರುತ್ತದೆ. ಎರಡನೆಯದು, 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳೂ ಸರ್ಕಾರಿ ಕಂಪನಿಗಳೂ ವರ್ಷದ ಖರೀದಿಯಲ್ಲಿ ಶೇಕಡ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಇದರಲ್ಲಿ ಶೇಕಡ 4 ಪರಿಶಿಷ್ಟ ಜಾತಿ, ಪಂಗಡದ ಮಾಲೀಕರಿಗೆ, ಶೇಕಡ 3 ಮಹಿಳಾ ಮಾಲೀಕರಿಗೆ. ಮೂರನೆಯದು ಬಿಲ್ಲು ತಡವಾದಾಗ ಸಿಗುವ ರಕ್ಷಣೆ. ಅದನ್ನು ಮುಂದೆ ಹೇಳುತ್ತೇನೆ.

ಆದರೆ ಗಮನವಿರಲಿ. ರಿಯಾಯಿತಿ ಇರುವುದು ಟೆಂಡರು ಠೇವಣಿಗೆ ಮಾತ್ರ. ಕೆಲಸ ಸಿಕ್ಕಿದ ಮೇಲೆ ಕೊಡಬೇಕಾದ ಪರ್ಫಾರ್ಮೆನ್ಸ್ ಸೆಕ್ಯೂರಿಟಿಗೆ ರಿಯಾಯಿತಿ ಇಲ್ಲ. ರಾಜ್ಯ ಸರ್ಕಾರ, ನಗರಪಾಲಿಕೆಗಳ ನಿಯಮವೂ ಬೇರೆ ಇರಬಹುದು.

4. ದರ ಹಾಕುವ ಲೆಕ್ಕ

ಈ ಪಾಠದ ಮುಖ್ಯ ಭಾಗ ಇದೇ. ಒಂದು ಕಚೇರಿಯಲ್ಲಿ ದಿನಕ್ಕೆ 300 ಊಟ, ತಿಂಗಳಿಗೆ 25 ದಿನ, ಅಂದರೆ 7,500 ಊಟ ಎಂದು ಇಟ್ಟುಕೊಳ್ಳೋಣ. ಬಿಲ್ಲನ್ನು ಕಚೇರಿಯೇ ತಿಂಗಳಿಗೊಮ್ಮೆ ಕೊಡುತ್ತದೆ. ಕೆಳಗಿನ ಅಂಕಿಗಳು ಲೆಕ್ಕ ಕಲಿಯುವುದಕ್ಕಾಗಿ ಮಾತ್ರ. ನಿಮ್ಮ ಊರಿನ ಬೆಲೆಯನ್ನು ನೀವೇ ಹಾಕಿಕೊಳ್ಳಿ. ಒಂದು ಊಟಕ್ಕೆ:

ಜೀನಸು, ತರಕಾರಿ, ಎಣ್ಣೆ, ಮೊಸರು: 34.00
ಹಾಳಾಗುವ ಪದಾರ್ಥ, ಜೀನಸಿನ ಶೇಕಡ 5: 1.70
ಗ್ಯಾಸ್: 4.00
ಕೆಲಸದವರು (ತಿಂಗಳಿಗೆ ಒಟ್ಟು 1,80,000): 24.00
ಜಾಗದ ಲೈಸೆನ್ಸ್ ಫೀ, ಕರೆಂಟು, ನೀರು (15,000): 2.00
ಪಾತ್ರೆ, ಸೋಪು, ಸ್ವಚ್ಛತೆ, ಕೀಟನಾಶಕ (15,000): 2.00
ಸಾಗಾಟ (7,500): 1.00
ಎರಡು ತಿಂಗಳ ಬಾಕಿ ಹಣದ ಬಡ್ಡಿ: 1.50
ಬ್ಯಾಂಕ್ ಗ್ಯಾರಂಟಿ, ವಿಮೆ, ಶುಲ್ಕಗಳು (6,000): 0.80
ಒಟ್ಟು ಖರ್ಚು: 71.00

ಇದರ ಮೇಲೆ ಶೇಕಡ 8 ಲಾಭ ಇಟ್ಟರೆ 76.68 ಆಗುತ್ತದೆ, ಅದನ್ನು 77 ಎಂದು ಹಿಡಿಯೋಣ. ಶೇಕಡ 5 ಜಿಎಸ್‌ಟಿ 3.85 ಸೇರಿದರೆ 80.85.

ನಮ್ಮವರು ಸಾಮಾನ್ಯವಾಗಿ ಹಾಕುವ ಲೆಕ್ಕದಲ್ಲಿ ಜೀನಸು, ಗ್ಯಾಸ್ ಮತ್ತು ಹುಡುಗರ ಪಗಾರ ಮಾತ್ರ ಇರುತ್ತದೆ. ಉಳಿದ 9 ರೂಪಾಯಿ ಕಣ್ಣಿಗೆ ಬೀಳುವುದಿಲ್ಲ. 62 ರೂಪಾಯಿ ಖರ್ಚು, 66 ಹಾಕಿದರೆ 4 ರೂಪಾಯಿ ಲಾಭ ಎಂದು ತಿಳಿಯುತ್ತಾರೆ. ನಿಜವಾಗಿ ಊಟಕ್ಕೆ 5 ರೂಪಾಯಿ ನಷ್ಟ. ತಿಂಗಳಿಗೆ 37,500, ಎರಡು ವರ್ಷದ ಕರಾರಿಗೆ 9 ಲಕ್ಷ. ಕೆಲಸ ಸಿಕ್ಕಿತೆಂದು ಪೇಡೆ ಹಂಚಿದ ದಿನವೇ ಈ 9 ಲಕ್ಷ ಹೋಗಿರುತ್ತದೆ, ಗೊತ್ತಾಗುವುದು ಮಾತ್ರ ನಿಧಾನವಾಗಿ.

ಇನ್ನೂ ಮುಖ್ಯವಾದದ್ದು ಊಟದ ಸಂಖ್ಯೆ. ಟೆಂಡರಿನಲ್ಲಿ 300 ಎಂದು ಬರೆದು, ನಿಜವಾಗಿ 200 ಜನ ಮಾತ್ರ ಬಂದರೆ? ಜೀನಸು, ಗ್ಯಾಸು ಕಡಿಮೆಯಾಗುತ್ತದೆ. ಪಗಾರ ಕಡಿಮೆಯಾಗುವುದಿಲ್ಲ. 1,80,000ವನ್ನು 5,000 ಊಟಕ್ಕೆ ಹಂಚಿದರೆ ಊಟಕ್ಕೆ 36 ರೂಪಾಯಿ, ಅಂದರೆ 12 ರೂಪಾಯಿ ಹೆಚ್ಚು. ಕರೆಂಟು, ಸ್ವಚ್ಛತೆ, ಸಾಗಾಟ, ಶುಲ್ಕಗಳ ಪಾಲು ಇನ್ನೂ 2.90 ಏರುತ್ತದೆ. 71 ಇದ್ದ ಖರ್ಚು 85.90 ಆಗುತ್ತದೆ. 77ರ ದರದಲ್ಲಿ ಊಟಕ್ಕೆ 8.90 ನಷ್ಟ, ತಿಂಗಳಿಗೆ 44,500. ದರ ಸರಿ ಇದ್ದೂ ನಷ್ಟ! ಆದ್ದರಿಂದ "ಕನಿಷ್ಠ ಇಷ್ಟು ಊಟಕ್ಕೆ ಬಿಲ್ಲು ಖಾತ್ರಿ" ಎಂಬ ಮಾತು ಟೆಂಡರಿನಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ 300 ಅಲ್ಲ, ನಿಮ್ಮ ಕಣ್ಣಿಗೆ ಕಂಡ ಸಂಖ್ಯೆಯ ಮೇಲೆ ದರ ಹಾಕಿ.

ಕಣ್ಣಿಗೆ ಕಾಣಬೇಕಾದರೆ ಅಲ್ಲಿಗೆ ಹೋಗಬೇಕು. ಟೆಂಡರು ಹಾಕುವ ಮೊದಲು ಜಾಗ ನೋಡಲು ಅವಕಾಶ ಕೊಡುತ್ತಾರೆ. ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಡಿ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಅಲ್ಲಿ ನಿಂತು ತಲೆ ಎಣಿಸಿ. ಎಷ್ಟು ಜನ ಮನೆಯಿಂದ ಡಬ್ಬ ತರುತ್ತಾರೆ, ಗೇಟಿನ ಹೊರಗೆ ವಡಾಪಾವ್, ಇಡ್ಲಿ ಗಾಡಿಗಳು ಎಷ್ಟಿವೆ, ನೀರಿನ ಒತ್ತಡ ಹೇಗಿದೆ, ಗ್ಯಾಸ್ ಸಿಲಿಂಡರು ಇಡಲು ಹೊರಗೆ ಜಾಗ ಇದೆಯೇ, ಸಾಮಾನಿನ ಗಾಡಿ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ಇವೆಲ್ಲ ದರದೊಳಗೆ ಸೇರುವ ಸಂಗತಿಗಳು. ಈಗ ನಡೆಸುತ್ತಿರುವವರ ದರ ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿ ಕೇಳಬಹುದು.

5. ಟೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಬೇಕಾದ ಸಾಲುಗಳು

ಮೊದಲನೆಯದು ತೆರಿಗೆ. ದರ ತೆರಿಗೆ ಸೇರಿಯೋ, ಬಿಟ್ಟೋ? ಜೆಮ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಸೇರಿದ ದರ ಹಾಕಬೇಕು. ಮೇಲಿನ ಲೆಕ್ಕದಲ್ಲಿ ತೆರಿಗೆ ಬೇರೆ ಸಿಗುತ್ತದೆಂದು 77 ಹಾಕಿದರೆ ನಿಮ್ಮ ಕೈಗೆ ಉಳಿಯುವುದು 73.33. ಊಟಕ್ಕೆ 6 ರೂಪಾಯಿ ಇದ್ದ ಲಾಭ 2.33ಕ್ಕೆ ಇಳಿಯಿತು. ನಮ್ಮ ಶೇಕಡ 5ರ ತೆರಿಗೆಯಲ್ಲಿ ಖರೀದಿಯ ಮೇಲಿನ ತೆರಿಗೆ ಹಿಂದೆ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಗ್ಯಾಸು, ಪಾತ್ರೆ, ಯಂತ್ರಕ್ಕೆ ಕೊಟ್ಟ ಜಿಎಸ್‌ಟಿ ನಮ್ಮ ಖರ್ಚೇ.

ಎರಡನೆಯದು ದರ ಏರಿಕೆ. ಎರಡು ಮೂರು ವರ್ಷದ ಕರಾರಿನಲ್ಲಿ ದರ ಏರಿಸುವ ಕಲಮು ಇದೆಯೇ? ಕೇಂದ್ರದ ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು, ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. 19 ಕಿಲೋ ಸಿಲಿಂಡರಿನ ದರ ತಿಂಗಳ ಆರಂಭದಲ್ಲಿ ಬದಲಾಗುತ್ತಿರುತ್ತದೆ. ಕಲಮು ಇಲ್ಲದಿದ್ದರೆ ಮೂರನೇ ವರ್ಷದ ಖರ್ಚನ್ನು ಇಂದೇ ಅಂದಾಜು ಮಾಡಿ, ಮೂರು ವರ್ಷದ ಸರಾಸರಿಯ ಮೇಲೆ ದರ ಹಾಕಬೇಕು.

ಮೂರನೆಯದು ಸೆಕ್ಯೂರಿಟಿ. ಇದು ಸಾಮಾನ್ಯವಾಗಿ ಕರಾರಿನ ಮೊತ್ತದ ಶೇಕಡ 3ರಿಂದ 10 ಇರುತ್ತದೆ. ಕೆಲಸ ಮುಗಿದು 60 ದಿನಗಳವರೆಗೆ ಇದು ಊರ್ಜಿತದಲ್ಲಿರಬೇಕು.

ನಾಲ್ಕನೆಯದು ದಂಡ. ಊಟ ತಡವಾದರೆ ಎಷ್ಟು, ಕೂದಲು ಸಿಕ್ಕಿದರೆ ಎಷ್ಟು, ಮೆನು ತಪ್ಪಿದರೆ ಎಷ್ಟು? ಒಟ್ಟು ದಂಡಕ್ಕೆ ಮಿತಿ ಇದೆಯೇ?

ಐದನೆಯದು ಬಿಡುವ ನಿಯಮ. ಅವರು ಒಂದು ತಿಂಗಳ ನೋಟಿಸಿನಲ್ಲಿ ತೆಗೆಯಬಹುದಾದರೆ ನಮಗೂ ಅದೇ ಹಕ್ಕು ಇದೆಯೇ? ಮಧ್ಯದಲ್ಲಿ ಬಿಟ್ಟು ಓಡಿದರೆ ಸೆಕ್ಯೂರಿಟಿ ಹೋಗುತ್ತದೆ, ಕೇಂದ್ರದ ನಿಯಮದಲ್ಲಿ ಎರಡು ವರ್ಷದವರೆಗೆ ಟೆಂಡರು ಹಾಕದಂತೆ ತಡೆಯುವ ಅಧಿಕಾರವೂ ಇಲಾಖೆಗಿದೆ.

ಅರ್ಥವಾಗದ್ದನ್ನು ಪ್ರೀ-ಬಿಡ್ ಸಭೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಅಲ್ಲ, ಬರೆದು ಕೇಳಿ. ಅವರ ಲಿಖಿತ ಉತ್ತರ ಟೆಂಡರಿನ ಭಾಗವಾಗುತ್ತದೆ. "ಅದೆಲ್ಲ ನೋಡಿಕೊಳ್ಳೋಣ" ಎಂದು ಸಾಹೇಬರು ಹೇಳಿದ್ದು ಅವರು ವರ್ಗವಾಗಿ ಹೋದ ದಿನ ಮುಗಿಯಿತು.

6. ಕೈಯಲ್ಲಿ ಎಷ್ಟು ಹಣ ಬೇಕು

ಲಾಭ ಇದ್ದ ಮಾತ್ರಕ್ಕೆ ಕ್ಯಾಂಟೀನ್ ನಡೆಯುವುದಿಲ್ಲ. ನಮ್ಮ ಉದಾಹರಣೆಯ ಕೆಲಸ ಜುಲೈ 1ಕ್ಕೆ ಆರಂಭವಾಯಿತು ಎನ್ನೋಣ. ಮೊದಲ ಬಿಲ್ಲು ಆಗಸ್ಟ್ 1ಕ್ಕೆ ಕೊಟ್ಟಿರಿ. 45 ದಿನದಲ್ಲಿ ಹಣ ಬಂದರೂ ಸೆಪ್ಟೆಂಬರ್ 15 ಆಗುತ್ತದೆ. ಅಷ್ಟರಲ್ಲಿ ಎರಡೂವರೆ ತಿಂಗಳು ಊಟ ಹಾಕಿರುತ್ತೀರಿ. ತಿಂಗಳ ಖರ್ಚು 5,32,500, ಎರಡೂವರೆ ತಿಂಗಳಿಗೆ 13,31,250. ವರ್ಷದ ಮೊತ್ತ 69,30,000ದ ಮೇಲೆ ಶೇಕಡ 5 ಸೆಕ್ಯೂರಿಟಿ 3,46,500. ಒಟ್ಟು ಸುಮಾರು 16.78 ಲಕ್ಷ. ಜೀನಸು ಅಂಗಡಿಯವರು ಒಂದು ತಿಂಗಳು ಉದ್ರಿ ಕೊಟ್ಟರೆ ಸ್ವಲ್ಪ ಹಗುರ. ಆದರೆ ಪಗಾರ, ಪಿಎಫ್, ಇಎಸ್‌ಐ, ಗ್ಯಾಸು ಕಾಯುವುದಿಲ್ಲ.

ಕಡಿತಗಳೂ ಇವೆ. ತಿಂಗಳ ಬಿಲ್ಲು 5,77,500, ಜಿಎಸ್‌ಟಿ 28,875, ಒಟ್ಟು 6,06,375. ಕರಾರಿನ ಮೊತ್ತ 2.5 ಲಕ್ಷಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಇಲಾಖೆ 2018ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಟಿಡಿಎಸ್ ಶೇಕಡ 2 ಹಿಡಿಯುತ್ತದೆ, ಇಲ್ಲಿ 11,550. ಆದಾಯ ತೆರಿಗೆ ಟಿಡಿಎಸ್ ಸ್ವಂತ ಹೆಸರಿನ ವ್ಯಾಪಾರಕ್ಕೆ ಶೇಕಡ 1, ಇಲ್ಲಿ 5,775. ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇಕಡ 2. ಕೈಗೆ ಬರುವುದು 5,89,050. ಜಿಎಸ್‌ಟಿ ಕಡಿತ ನಿಮ್ಮ ಜಿಎಸ್‌ಟಿ ಖಾತೆಯ ಕ್ಯಾಶ್ ಲೆಡ್ಜರಿಗೆ ಬರುತ್ತದೆ. ಬಂದಿದೆಯೇ ಎಂದು ಪ್ರತಿ ತಿಂಗಳು ನೋಡಿ. ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ, ಹಣ ಅಲ್ಲೇ ಬಿದ್ದಿರುತ್ತದೆ. ಇನ್ನೊಂದು ಕಡೆ, ಬಿಲ್ಲಿನ ಹಣ ಬರಲಿ ಬಿಡಲಿ, ನೀವು ಕಟ್ಟಬೇಕಾದ ಜಿಎಸ್‌ಟಿಯನ್ನು ಸಮಯಕ್ಕೆ ಕಟ್ಟಲೇಬೇಕು.

ಒಂದು ಸೂತ್ರ ಹೇಳುತ್ತೇನೆ. ನಾಲ್ಕು ತಿಂಗಳು ಒಂದು ಪೈಸೆ ಬಾರದಿದ್ದರೂ ನಿಮ್ಮ ಹೋಟೆಲಿನ ಗಲ್ಲೆಗೆ ಕೈ ಹಾಕದೆ ನಡೆಸಬಲ್ಲ ಕೆಲಸವನ್ನು ಮಾತ್ರ ಹಿಡಿಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಸರ್ಕಾರದ ಅಗ್ಗದ ಊಟದ ಯೋಜನೆಗಳಲ್ಲಿ ಇದು ಇನ್ನೂ ಸ್ಪಷ್ಟ. ಮಹಾರಾಷ್ಟ್ರದಲ್ಲಿ 2020ರ ಜನವರಿ 26ರಂದು ಶಿವಭೋಜನ್ ಥಾಲಿ ಆರಂಭವಾದಾಗ ಗಿರಾಕಿ ಕೊಡುವುದು 10 ರೂಪಾಯಿ, ಸರ್ಕಾರ ಕೊಡುವುದು ನಗರದಲ್ಲಿ 40, ಗ್ರಾಮೀಣ ಭಾಗದಲ್ಲಿ 25 ಎಂದು ಗೊತ್ತುಮಾಡಿದ್ದರು. ಬೆಂಗಳೂರಿನಲ್ಲಿ 2017ರ ಆಗಸ್ಟಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5, ಊಟ 10. ಉಳಿದದ್ದು ಪಾಲಿಕೆಯಿಂದ. ನಗರದ ಶಿವಭೋಜನ್ ಥಾಲಿಯಂತೆ ಗಲ್ಲೆಗೆ ಬೀಳುವುದು ಐದರಲ್ಲಿ ಒಂದು ಪಾಲು, ನಾಲ್ಕು ಪಾಲು ಕಾಗದದ ಮೇಲೆ ಎಂದರೆ ಎಷ್ಟು ಕೈಹಣ ಬೇಕು ಎಂದು ನೀವೇ ಯೋಚಿಸಿ.

7. ಕೆಲಸ ಸಿಕ್ಕಿದ ಮೇಲೆ: ದಿನದ ಕಾಗದ ದಿನವೇ

ಹೋಟೆಲಿನಲ್ಲಿ ಗಿರಾಕಿ ಉಂಡ, ದುಡ್ಡು ಕೊಟ್ಟ, ಹೋದ. ಸರ್ಕಾರಿ ಕೆಲಸದಲ್ಲಿ ಉಂಡವನು ಬೇರೆ, ಎಣಿಸುವವನು ಬೇರೆ, ಹಣ ಕೊಡುವವನು ಬೇರೆ. ಮೂವರನ್ನೂ ಜೋಡಿಸುವುದು ಕಾಗದ ಮಾತ್ರ.

ಅ) ಪ್ರತಿದಿನ ಎಷ್ಟು ಊಟ ಎಂಬ ರಿಜಿಸ್ಟರಿಗೆ ಅದೇ ದಿನ ಕಚೇರಿಯವರ ಸಹಿ ಪಡೆಯಿರಿ. ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕುತ್ತಾರೆಂದು ಬಿಟ್ಟರೆ 300 ಇದ್ದದ್ದು 260 ಆಗುತ್ತದೆ.

ಆ) "ಮೀಟಿಂಗಿಗೆ ಇಪ್ಪತ್ತು ಚಹಾ, ನಾಲ್ಕು ಪ್ಲೇಟು ಭಜಿ ಕಳಿಸಿ" ಎಂದು ಫೋನು ಬರುತ್ತದೆ. ಕಳಿಸಬೇಕು. ಆದರೆ ಹುಡುಗನ ಕೈಯಲ್ಲಿ ಚೀಟಿ ಪುಸ್ತಕವೂ ಹೋಗಲಿ. ಸಹಿ ಇಲ್ಲದ ಚಹಾಕ್ಕೆ ಬಿಲ್ಲಿಲ್ಲ.

ಇ) ಬಿಲ್ಲಿನ ಜೊತೆ ಸಾಮಾನ್ಯವಾಗಿ ಕೇಳುವುದು: ಸಹಿಯಾದ ಊಟದ ಪಟ್ಟಿ, ಪಗಾರದ ಬ್ಯಾಂಕ್ ಪುರಾವೆ, ಪಿಎಫ್ ಮತ್ತು ಇಎಸ್‌ಐ ಚಲನು. ಇದರಲ್ಲಿ ಒಂದು ಕಡಿಮೆಯಾದರೂ ಫೈಲು ಹಿಂದೆ ಬರುತ್ತದೆ. ಬಿಲ್ಲು ಕೊಟ್ಟಾಗ ನಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರು, ತಾರೀಕು, ಮೊಹರು ಹಾಕಿಸಿಕೊಳ್ಳಿ.

ನಾವು ನಡೆಸುತ್ತಿದ್ದ ಒಂದು ಕಚೇರಿಯಲ್ಲಿ ಬಿಲ್ಲು ನೋಡುತ್ತಿದ್ದವರು ವರ್ಗವಾಗಿ, ನಾಲ್ಕು ತಿಂಗಳ ಹಣ ನಿಂತಿತು. ಹೊಸದಾಗಿ ಬಂದವರು "ನನ್ನ ಹತ್ತಿರ ಯಾವ ಬಿಲ್ಲೂ ಇಲ್ಲ" ಎಂದರು. ಮೊಹರಿನ ಪ್ರತಿಗಳನ್ನು ಮೇಜಿನ ಮೇಲೆ ಇಟ್ಟೆವು. ಜಗಳ ಆಡಲಿಲ್ಲ. ಮೂರು ವಾರದಲ್ಲಿ ಹಣ ಬಂತು. ಆ ಪ್ರತಿಗಳು ಇರದಿದ್ದರೆ "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆಯೇ ಗತಿಯಾಗುತ್ತಿತ್ತು.

ಈ) ಅಡುಗೆಯ ಮಾದರಿಯನ್ನು ಪ್ರತಿದಿನ ಸ್ವಚ್ಛ ಡಬ್ಬಿಯಲ್ಲಿ ತಾರೀಕು ಬರೆದು ಫ್ರಿಜ್ಜಿನಲ್ಲಿ ಇಡಿ. ಯಾರಿಗೋ ಹೊಟ್ಟೆ ಕೆಟ್ಟರೆ ನಿಮ್ಮ ಪರವಾಗಿ ಮಾತನಾಡುವುದು ಆ ಡಬ್ಬಿಯೇ. ಕೆಲಸದವರ ಆರೋಗ್ಯ ತಪಾಸಣೆಯ ಪತ್ರ, ನೀರಿನ ಪರೀಕ್ಷೆಯ ವರದಿ, ಕೀಟ ನಿಯಂತ್ರಣದ ರಸೀದಿ ಒಂದೇ ಫೈಲಿನಲ್ಲಿರಲಿ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ ಶೇಕಡ 25 ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ನಿನ್ನೆಯ ಎಣ್ಣೆ ಇವತ್ತಿಗೆ, ಇವತ್ತಿನದು ನಾಳೆಗೆ ಎಂಬ ಪದ್ಧತಿ ಇಲ್ಲಿ ನಡೆಯದು.

ಉ) ನೋಟಿಸು ಬಂದರೆ ಬಾಯಲ್ಲಿ ಸಮಾಧಾನ ಹೇಳಿ ಸುಮ್ಮನಾಗಬೇಡಿ. ಗಡುವಿನೊಳಗೆ ಬರೆದು ಉತ್ತರ ಕೊಡಿ. ಉತ್ತರ ಇಲ್ಲದ ನೋಟಿಸು ಒಪ್ಪಿಕೊಂಡ ತಪ್ಪೆಂದೇ ಲೆಕ್ಕ.

8. ಹುಡುಗರ ವಿಷಯ

ಊರಿನಿಂದ ಬಂದ ಹುಡುಗರಿಗೆ ಊಟ, ವಸತಿ ಕೊಟ್ಟು ಕೈಗೆ ಇಷ್ಟು ಎಂಬ ನಮ್ಮ ಹಳೆಯ ಪದ್ಧತಿ ಇಲ್ಲಿ ಸಾಲದು. ಕನಿಷ್ಠ ವೇತನ ಬ್ಯಾಂಕಿನ ಮೂಲಕ ಹೋಗಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲು ಇತರ ಶುಲ್ಕ ಸೇರಿ ಸುಮಾರು ಶೇಕಡ 13, ಇಎಸ್‌ಐ ಶೇಕಡ 3.25. ಬೋನಸ್ ಕನಿಷ್ಠ ಶೇಕಡ 8.33. ರಜೆಯ ಪಗಾರ, ಬದಲಿ ಆಳು ಬೇರೆ. ಇವೆಲ್ಲ ಸೇರಿಸಿಯೇ ಮೇಲೆ 1,80,000 ಎಂದು ಹಿಡಿದದ್ದು. ಹೊಸ ಸಂಹಿತೆಯಲ್ಲಿ ಗುತ್ತಿಗೆದಾರರ ಲೈಸೆನ್ಸ್ 50 ಅಥವಾ ಹೆಚ್ಚು ಆಳುಗಳಿದ್ದರೆ ಬೇಕಾಗುತ್ತದೆ. ನಿಮ್ಮ ರಾಜ್ಯದ ನಿಯಮವನ್ನು ನಿಮ್ಮ ಲೇಬರ್ ಕನ್ಸಲ್ಟಂಟರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಮುಂಬಯಿಯಲ್ಲಿ ಹೋಟೆಲನ್ನು ಕಂಡಕ್ಟಿಂಗಿಗೆ ಕೊಡುವುದು ನಮಗೆ ಅಭ್ಯಾಸ. ಸರ್ಕಾರಿ ಕರಾರಿನಲ್ಲಿ ಸಾಮಾನ್ಯವಾಗಿ ಇದಕ್ಕೆ ನಿಷೇಧವಿರುತ್ತದೆ. ಹೆಸರು ನಿಮ್ಮದು, ನಡೆಸುವವನು ಇನ್ನೊಬ್ಬ ಎಂದಾದರೆ ಅವನು ಪಿಎಫ್ ಕಟ್ಟದೆ ಹೋದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ.

9. ಹಣ ತಡವಾದರೆ

2006ರ ಎಂಎಸ್‌ಎಂಇಡಿ ಕಾಯಿದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮದ ಹಣವನ್ನು ಕರಾರಿನಲ್ಲಿ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಕರಾರಿನಲ್ಲಿ ದಿನ ಬರೆಯದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದು ಸರ್ಕಾರಿ ಕಚೇರಿಗೂ ಅನ್ವಯಿಸುತ್ತದೆ. ದೂರನ್ನು ಆನ್‌ಲೈನಿನಲ್ಲಿ ಹಾಕಬಹುದು, ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಅದನ್ನು ವಿಚಾರಿಸುತ್ತದೆ. ಆದರೆ ಉದ್ಯಮ್ ನೋಂದಣಿ ಕರಾರಿಗೆ ಮೊದಲೇ ಆಗಿರಲಿ, ನಂತರ ಮಾಡಿಸಿಕೊಂಡರೆ ತಕರಾರು ಬರುತ್ತದೆ.

ಆದರೂ ಕೌನ್ಸಿಲ್ ಕೊನೆಯ ಮೆಟ್ಟಿಲು. ಮೊದಲು 30ನೇ ದಿನ ಒಂದು ನೆನಪಿನ ಪತ್ರ, 46ನೇ ದಿನ ಬಡ್ಡಿಯ ಲೆಕ್ಕ ಸಹಿತ ಇನ್ನೊಂದು ಪತ್ರ, ನಂತರ ಮೇಲಧಿಕಾರಿಗೆ. ಮರ್ಯಾದೆಯ ಭಾಷೆಯಲ್ಲಿ ಬರೆಯಿರಿ. ಮೂರನೇ ಪತ್ರಕ್ಕೆ ಹೆಚ್ಚಿನ ಫೈಲುಗಳು ಚಲಿಸುತ್ತವೆ. ಸರ್ಕಾರಿ ಕಂಪನಿಯ ಕ್ಯಾಂಟೀನಾದರೆ ಟ್ರೆಡ್ಸ್ ವ್ಯವಸ್ಥೆಯಲ್ಲಿ ಬಿಲ್ಲನ್ನು ಬ್ಯಾಂಕಿಗೆ ಕೊಟ್ಟು ಸ್ವಲ್ಪ ಕಡಿತದಲ್ಲಿ ಹಣ ಬೇಗ ಪಡೆಯುವ ದಾರಿಯೂ ಇದೆ.

ಬಿಲ್ಲು ಪಾಸು ಮಾಡಲು "ಚಾಯ್ ಪಾನಿ" ಕೇಳುವವರೂ ಸಿಗುತ್ತಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವವನೂ ಅಪರಾಧಿಯೇ. ಬಲವಂತದಿಂದ ಕೊಟ್ಟವನು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಇನ್ನೊಂದು ವ್ಯವಹಾರದ ಮಾತು: ಒಂದು ಸಲ ಕೊಟ್ಟರೆ ಅದು ಪ್ರತಿ ತಿಂಗಳ ಖರ್ಚಾಗುತ್ತದೆ. ಆ ಖರ್ಚು ಹೊರುವ ಜಾಗ 71 ರೂಪಾಯಿಯ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೊನೆಗೆ ಅದು ಬೇಳೆಯಿಂದ, ಹುಡುಗರ ಪಗಾರದಿಂದಲೇ ಹೋಗುತ್ತದೆ.

10. ಮುಗಿಸುವಾಗ

ಕರಾರು ಮುಗಿದ ದಿನ ಪಾತ್ರೆ ಎತ್ತಿಕೊಂಡು ಹೊರಡುವುದಲ್ಲ. ಕಚೇರಿಯ ಸಾಮಾನನ್ನು ಪಟ್ಟಿ ಪ್ರಕಾರ ಒಪ್ಪಿಸಿ ಸಹಿ ಪಡೆಯಿರಿ. ಬಾಕಿ ಇಲ್ಲವೆಂಬ ಪತ್ರ, ಅನುಭವ ಪತ್ರ ಕೇಳಿ. ಸೆಕ್ಯೂರಿಟಿ ಹಿಂದಿರುಗಿಸಲು ಅರ್ಜಿ ಕೊಟ್ಟು, 60 ದಿನದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಅಭ್ಯಾಸಕ್ಕೆ

ಹೊಸಬರು ಮೊದಲೇ ದೊಡ್ಡ ಆಸ್ಪತ್ರೆಗೆ ಕೈ ಹಾಕಬೇಡಿ. ನೂರು ಊಟದ ಸಣ್ಣ ಕಚೇರಿ, ತರಬೇತಿ ಶಿಬಿರದ ಊಟ, ಇಂಥದರಿಂದ ಆರಂಭಿಸಿ ಅನುಭವ ಪತ್ರ ಕೂಡಿಸಿಕೊಳ್ಳಿ. ಈ ವಾರ ಪ್ರತಿಯೊಬ್ಬ ಸದಸ್ಯರೂ ಮೂರು ಕೆಲಸ ಮಾಡಿ ನೋಡಿ. (1) ನಿಮ್ಮ ಹೋಟೆಲಿನ ಒಂದು ರೈಸ್ ಪ್ಲೇಟಿನ ಖರ್ಚನ್ನು ಮೇಲಿನ ಒಂಬತ್ತು ಸಾಲಿನಲ್ಲಿ ಬರೆಯಿರಿ. (2) ಗಿರಾಕಿ ಮೂರನೇ ಒಂದು ಪಾಲು ಕಡಿಮೆಯಾದರೆ ಆ ಖರ್ಚು ಎಷ್ಟಾಗುತ್ತದೆ ನೋಡಿ. (3) ನಾಲ್ಕು ತಿಂಗಳು ಹಣ ಬಾರದಿದ್ದರೆ ನಡೆಸಬಲ್ಲ ಊಟದ ಸಂಖ್ಯೆ ಎಷ್ಟು ಎಂದು ಲೆಕ್ಕ ಹಾಕಿ. ಮೂರನೆಯ ಉತ್ತರಕ್ಕಿಂತ ದೊಡ್ಡ ಟೆಂಡರು ಎಷ್ಟೇ ಆಸೆ ತೋರಿಸಿದರೂ ಬಿಟ್ಟುಬಿಡಿ.

ಮನೆಯಲ್ಲಿ ಕಾಲೇಜು ಓದುವ ಮಗ ಮಗಳು ಇದ್ದರೆ ಟೆಂಡರಿನ ಕಾಗದವನ್ನು ಅವರ ಹತ್ತಿರ ಓದಿಸಿ, ಲೆಕ್ಕವನ್ನು ನೀವು ಹಾಕಿ. ಅಡುಗೆಮನೆಯ ಖರ್ಚು ನಮಗೆ ಗೊತ್ತಿರುವಷ್ಟು ಯಾವ ಕನ್ಸಲ್ಟಂಟನಿಗೂ ಗೊತ್ತಿಲ್ಲ. ಬರೆದಿಡುವ ಅಭ್ಯಾಸ ಒಂದನ್ನು ಮಾಡಿಕೊಂಡರೆ ಸಾಕು.